ಎಲ್ಲರೂ ಬಂದರು, ಪಿಚರ್ ಬರಲಿಲ್ಲ

ಬೆಳಿಗ್ಗೆ ಎದ್ದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಮಾಸ್ಕು, ಪ್ಯಾಡು, ಮಿಟ್ಟು (ಚೆಂಡು ಹಿಡಿಯೋ ದಪ್ಪ ಕೈಗವಸು) ಎಲ್ಲಾ ಹೊತ್ತುಕೊಂಡು ಸಾಫ್ಟ್‌ಬಾಲ್ ಮ್ಯಾಚಿಗೆ ಮೈದಾನಕ್ಕೆ ಹೋದೆ. ಎದುರು ತಂಡದಿಂದ ಹನ್ನೊಂದು ಜನ ಬಂದಿದ್ದರು. ಹೊಸ ಜೆರ್ಸಿ, ಹೊಸ ಬ್ಯಾಟು, ಒಬ್ಬೊಬ್ಬರಿಗೂ ತಂಪು ಕನ್ನಡಕ. ಬ್ಯಾಟರ್‌ಗೆ ಬಾಲ್ ಎಸೆಯೋ ಪಿಚರ್ ಮಾತ್ರ ಇಲ್ಲ. ಅವರ ಕ್ಯಾಪ್ಟನ್ ಹತ್ತಿರ ಬಂದು, "ಅಣ್ಣಾ, ನಮ್ಮ ಹುಡುಗನಿಗೆ ಭುಜ ನೋವಂತೆ. ಇವತ್ತೊಂದಿನ ಸ್ಲೋಪಿಚ್ ಆಡಿಬಿಡೋಣ, ಏನಾಗುತ್ತೆ?" ಅಂದ.

ಏನಾಗುತ್ತೆ ಅಂತೆ! ನಾವು ಆಡೋದು ಫಾಸ್ಟ್‌ಪಿಚ್, ಪಿಚರ್ ವೇಗವಾಗಿ ಬಾಲ್ ಎಸೆಯೋ ಆಟ. ಸ್ಲೋಪಿಚ್ ಅಂದರೆ ಬಾಲನ್ನು ಮೆಲ್ಲಗೆ ಮೇಲಕ್ಕೆಸೆದು ಆಡೋದು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು 32 ವರ್ಷದಿಂದ ಕ್ಯಾಚರ್ ಆಗಿ, ಬ್ಯಾಟರ್ ನಿಲ್ಲೋ ಪ್ಲೇಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತವನು. ಇದರಿಂದ ಒಂದು ಬಿಡಿಗಾಸು ಸಂಪಾದಿಸಿದವನಲ್ಲ. ಎಡಗೈ ತೋರುಬೆರಳು ನೆಟ್ಟಗೆ ನಿಲ್ಲಲ್ಲ, ಎರಡೂ ಮಂಡಿ ಮೆಟ್ಟಿಲು ಹತ್ತುವಾಗ ಬಾಗಿಲಿನ ಹಾಗೆ ಕಿರ್ರೆನ್ನುತ್ತವೆ. ಇಷ್ಟೆಲ್ಲ ಅನುಭವಿಸಿದ್ದು ಯಾಕೆ? 46 ಅಡಿ ದೂರದಿಂದ ತೋಳು ಪೂರಾ ಒಂದು ಸುತ್ತು ತಿರುಗಿ, ಸೊಂಟದ ಪಕ್ಕದಿಂದ ಬಾಲ್ ಚಿಮ್ಮಿ, ಮಿಟ್ಟಿಗೆ 'ಠಪ್' ಅಂತ ಬೀಳೋ ಆ ಸದ್ದಿಗೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬಂದರೆ ಬ್ಯಾಟರ್‌ಗೆ ಯೋಚಿಸಲು ಅರ್ಧ ಸೆಕೆಂಡೂ ಸಿಗಲ್ಲ. ಇದರ ಬದಲು ಆಕಾಶಕ್ಕೆ ಕಮಾನು ಕಟ್ಟಿಕೊಂಡು, ಮದುವೆ ಮೆರವಣಿಗೆ ಥರ ನಿಧಾನಕ್ಕೆ ಇಳಿದು ಬರೋ ಚೆಂಡನ್ನು ನಾನು ಹಿಡಿಯಬೇಕಂತೆ. ಅದಕ್ಕೆ ಕ್ಯಾಚರ್ ಯಾಕಪ್ಪಾ, ಒಂದು ಬುಟ್ಟಿ ಇಟ್ಟರೆ ಸಾಲದೇ?

ಆಟ ಸಾಯ್ತಿರೋದು ಮೈದಾನ ಇಲ್ಲದೆ ಅಲ್ಲ, ದುಡ್ಡಿಲ್ಲದೆ ಅಲ್ಲ. ಪಿಚರ್ ಇಲ್ಲದೆ. ಬ್ಯಾಟ್ ಬೀಸೋಕೆ ಎಲ್ಲರೂ ರೆಡಿ. ಗೋಡೆ ಮುಂದೆ ನಿಂತು ಎರಡು ವರ್ಷ ಒಂದೇ ಸಮ ಮಣಿಕಟ್ಟು ತಿರುಗಿಸೋಕೆ ಯಾರೂ ಇಲ್ಲ. ಫಾಸ್ಟ್‌ಪಿಚ್‌ನಲ್ಲಿ ಪಿಚರ್ ಅಂದರೆ ಮುಕ್ಕಾಲು ತಂಡ. ಅಮೆರಿಕದ ಪಿಚರ್ ಎಡ್ಡಿ ಫೈಗ್ನರ್ 1946ರಿಂದ ದಶಕಗಳ ಕಾಲ ಬರೀ ನಾಲ್ಕು ಜನರ ತಂಡ ಕಟ್ಟಿಕೊಂಡು ಪೂರ್ತಿ ತಂಡಗಳನ್ನು ಸೋಲಿಸುತ್ತಾ ತಿರುಗಿದ. ನಾಲ್ಕನೆಯವನಾದರೂ ಯಾಕೆ ಬೇಕಾಗಿತ್ತು? ಮೂರು ಜನ ಓಡಿ ಮೂರೂ ಬೇಸ್‌ಗಳಲ್ಲಿ ನಿಂತುಬಿಟ್ಟರೆ ಬ್ಯಾಟ್ ಮಾಡೋಕೆ ಒಬ್ಬ ಇರಬೇಕಲ್ಲ, ಅದಕ್ಕೆ! ಜೋನ್ ಜಾಯ್ಸ್ ಅನ್ನೋ ಹೆಣ್ಣುಮಗಳು 1961ರಲ್ಲಿ ಟೆಡ್ ವಿಲಿಯಮ್ಸ್‌ಗೆ ಬಾಲ್ ಹಾಕಿದಳು. ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ಬೇಸ್‌ಬಾಲ್ ದೈತ್ಯ ಆತ. ಆಕೆಯ ಬಾಲ್ ಅವನ ಬ್ಯಾಟಿಗೆ ಸರಿಯಾಗಿ ಸಿಗಲೇ ಇಲ್ಲ.

"ಸ್ಲೋಪಿಚ್‌ನಲ್ಲಿ ಎಲ್ಲರಿಗೂ ಬ್ಯಾಟಿಂಗ್ ಸಿಗುತ್ತೆ, ವಯಸ್ಸಾದವರೂ ಆಡಬಹುದು, ಫಾಸ್ಟ್‌ಪಿಚ್‌ನಲ್ಲಿ ಫೀಲ್ಡರ್‌ಗಳು ಸುಮ್ಮನೆ ನಿಂತು ಬೇಜಾರಾಗ್ತಾರೆ" ಅಂತ ಕೆಲವರು ಬರೀತೀರಿ, ಗೊತ್ತು. ಸರಿ, ಆಡಿ. ನಾನೇನು ತಡೆದಿಲ್ಲ. ಆದರೆ ಬಂಟ್ ಮಾಡಿದರೆ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿದರೆ) ಔಟ್ ಕೊಡೋ ಆಟವನ್ನು ತಂದು ನನ್ನ ಆಟದ ಜಾಗದಲ್ಲಿ ಕೂರಿಸಬೇಡಿ. ಫೀಲ್ಡರ್‌ಗೆ ಬೇಜಾರಾದರೆ ಆಗಲಿ. ಏಳೇ ಇನ್ನಿಂಗ್ಸು, ನಿಂತರೆ ಕಾಲೇನು ಸವೆಯಲ್ಲ.

ಇಷ್ಟು ಕೂಗಾಡಿದ ಮೇಲೆ ಒಂದು ವಿಷಯ ಹೇಳಲೇಬೇಕು. ಬಹಳ ವರ್ಷದ ಹಿಂದಿನ ಮಾತು. ಒಬ್ಬ ಸಣಕಲು ಹುಡುಗ ಬರ್ತಿದ್ದ, ಉದ್ದನೆ ತೋಳು, ಪಿಚರ್ ಆಗೋಕೇ ಹುಟ್ಟಿದ ಹಾಗೆ. ಅಭ್ಯಾಸ ಪಂದ್ಯದಲ್ಲಿ ಐದು ಜನಕ್ಕೆ ಸಾಲಾಗಿ ವಾಕ್ ಕೊಟ್ಟ, ಅಂದರೆ ಗುರಿ ತಪ್ಪಿದ ಬಾಲ್ ಹಾಕಿ ಹಾಕಿ ಪುಕ್ಕಟೆ ಫಸ್ಟ್ ಬೇಸ್‌ಗೆ ಕಳಿಸಿದ. ಆರನೆಯವನಿಗೆ ಹಾಕಿದ್ದು ನೆಲಕ್ಕೆ ಬಡಿದು ನನ್ನ ಕೊರಳ ಮೂಳೆಗೆ ಬಂತು. ನಾನು ಮಾಸ್ಕ್ ಕಿತ್ತು ಬಿಸಾಡಿ, "ಬರದಿದ್ರೆ ಔಟ್‌ಫೀಲ್ಡಲ್ಲಿ ಹೋಗಿ ನಿಂತ್ಕೊಳ್ಳೋ, ನಮ್ಮ ಪ್ರಾಣ ಯಾಕೆ ತಿಂತೀಯ" ಅಂತ ಎಲ್ಲರೆದುರು ಕೂಗಿದೆ. ಎಸೆದಾಗಲೆಲ್ಲ ಸೊಂಟಕ್ಕೆ ಉಜ್ಜಿ ಉಜ್ಜಿ ಅವನ ಮುಂಗೈ ಕೆಂಪಗೆ ಬಾತಿತ್ತು. ಚೆಂಡನ್ನು ಪ್ಯಾಂಟಿಗೆ ಒರೆಸಿ ಫಸ್ಟ್ ಬೇಸ್‌ನವನ ಕೈಗೆ ಕೊಟ್ಟು ಹೊರಟ. ಮುಂದಿನ ವಾರ ಬರಲಿಲ್ಲ. ಈಗ ಎಲ್ಲೋ ಸ್ಲೋಪಿಚ್ ಆಡ್ತಾನಂತೆ. ಚೆನ್ನಾಗಿ ಹೊಡೀತಾನಂತೆ.

ಇರಲಿ. ಇವತ್ತು ಸ್ಲೋಪಿಚ್‌ಗೆ ನಾವು ಒಪ್ಪಲಿಲ್ಲ. ಅಂಪೈರ್ ಪುಸ್ತಕದಲ್ಲಿ 7-0 ಅಂತ ಬರೆದು ನಮಗೆ ಗೆಲುವು ಕೊಟ್ಟರು. ಒಂದು ಬಾಲ್ ಹಿಡಿಯದೆ ಗೆದ್ದು ಮನೆಗೆ ಹೋಗೋಕೆ ನಾಚಿಕೆಯಾಗಿ, ನಮ್ಮ ಮುದುಕ ಪಿಚರ್ (ನನಗಿಂತ ಎರಡು ವರ್ಷ ದೊಡ್ಡವನು, ಬೈದುಕೊಳ್ಳಲಿ) ಸುಮ್ಮನೆ ನನಗೆ ಬಾಲ್ ಹಾಕತೊಡಗಿದ. ಎದುರು ತಂಡದ ಹುಡುಗರು ಜಾಲರಿ ಹಿಂದೆ ಮೊಬೈಲ್ ಹಿಡಿದು ನಿಂತರು. ರೈಸ್‌ಬಾಲ್ ನೋಡಿ ಒಬ್ಬ, "ಅಣ್ಣಾ, ಅದು ಹೇಗೆ ಮೇಲಕ್ಕೇ ಹೋಗುತ್ತೆ?" ಅಂದ. ಮೇಲಕ್ಕೆ ಹೋಗಲ್ಲ ಮಾರಾಯ, ಹಿಮ್ಮುಖವಾಗಿ ಗಿರಗಿರ ತಿರುಗೋದ್ರಿಂದ ಬೀಳಬೇಕಾದಷ್ಟು ಬೀಳಲ್ಲ, ನಿನ್ನ ಕಣ್ಣು ಮೋಸ ಹೋಗುತ್ತೆ ಅಂದೆ. "ನಾನೊಂದು ಹಾಕ್ಲಾ?"

ಮೊದಲನೆಯದು ಜಾಲರಿ ದಾಟಿ ಹೋಯ್ತು. ಎರಡನೆಯದು ಅವನ ಕಾಲಬುಡದಲ್ಲೇ ಬಿತ್ತು. ನನ್ನ ಬಾಯಿ ತೆರೆದಿತ್ತು, ಮುಚ್ಚಿಕೊಂಡೆ. ಮಂಡಿ ಕೈಕೊಟ್ಟ ಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಹದಿನೇಳನೆಯದು ನೇರ ಮಿಟ್ಟಿಗೆ ಬಂತು. ಠಪ್ ಅನ್ನಲಿಲ್ಲ, ಆದರೂ ಬಂತು.

ಈಗ ಮಂಡಿಗೆ ಐಸ್ ಇಟ್ಟುಕೊಂಡು ಇದನ್ನು ಬರೀತಿದ್ದೀನಿ. ಬುಧವಾರ ಸಂಜೆ ಬರ್ತೀನಿ ಅಂದಿದ್ದಾನೆ. ಬರಲ್ಲ ಬಿಡಿ, ಇಂಥವರನ್ನು ಎಷ್ಟು ಜನ ನೋಡಿಲ್ಲ. ಬಕೆಟ್ ಮಾತ್ರ ಕಾರಿನಿಂದ ಇಳಿಸಿಲ್ಲ.