ಹಳೇ ನೀರು

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಓಣಿಗೆ ನೀರು ಬಿಟ್ಟರು. ಐದು ದಿನದ ಮೇಲೆ. ನಳ ಮೊದಲು ಬುಸ್ ಅಂತು, ಎರಡು ಸಲ ಕೆಮ್ಮಿತು, ಆಮೇಲೆ ನೀರು. ಪಕ್ಕದ ಮನೆ ಕಾಕು ಕಂಪೌಂಡ್ ಮೇಲಿಂದ ಕೂಗಿದರು: "ಟೀಚರ್ರೇ, ಏಳ್ರಿ, ನೀರ್ ಬಂದಾವ!" ನಾನು ಎದ್ದವಳೇ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಎರಡು ಡ್ರಮ್ ತುಂಬ ಇದ್ದ ನೀರನ್ನು ಅಂಗಳಕ್ಕೆ ಚೆಲ್ಲಿದ್ದು.

ಚೆಲ್ಲುವಾಗ ಕೈ ನಿಂತಿತು. ಈ ನೀರನ್ನು ಐದು ದಿನ ನಾನೇ ಕಾವಲು ಕಾದಿದ್ದೆ. "ಅರ್ಧ ಬಕೆಟ್‌ನಾಗ ಸ್ನಾನ ಮುಗಿಸು" ಅಂತ ಮಗನಿಗೆ ಬೈದಿದ್ದೆ. ಕೆಲಸದವಳು ಭಾಂಡೆ ತಿಕ್ಕುವಾಗ ಒಂದು ತಂಬಿಗೆ ಜಾಸ್ತಿ ತಗೊಂಡರೆ ಮುಖ ಸಿಂಡರಿಸಿದ್ದೆ. ಮುಗಿದುಹೋದರೆ ಏನು ಗತಿ ಅನ್ನೋ ಹೆದರಿಕೆ. ಹಾಗೆ ಮುಟ್ಟದೇ ಕಾಪಾಡಿದ ನೀರು ಈಗ ನಮ್ಮ ಗೇಟು ದಾಟಿ ಚರಂಡಿಗೆ ಹೋಗ್ತಾ ಇತ್ತು. ಅತ್ತೆ ಹಾಸಿಗೆಯಿಂದಲೇ ಹೇಳಿದರು, "ಪೂರಾ ಚೆಲ್ಲವ್ವ, ತಳದಾಗ ಹುಳ ಇರ್ತಾವ."

ಲೆಕ್ಕ ಹಾಕಿದೆ. ಗಣಿತದ ಟೀಚರ್ ಅಲ್ವಾ, ಬಿಡೋಕಾಗಲ್ಲ. ಒಂದು ಡ್ರಮ್ 200 ಲೀಟರ್. ಎರಡು ಡ್ರಮ್, ಜೊತೆಗೆ ಕೊಡ, ತಪೇಲಿ ಎಲ್ಲ ಸೇರಿ 450 ಲೀಟರ್ ಅಂತ ಇಟ್ಟುಕೊಳ್ಳಿ. ಐದು ದಿನಕ್ಕೊಮ್ಮೆ ಅಂದರೆ ವರ್ಷಕ್ಕೆ 73 ಸಲ. ಹತ್ತಿರ ಹತ್ತಿರ 33 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಆರೂವರೆ ಟ್ಯಾಂಕರ್. ಪ್ರತಿ ಸಲವೂ ಡ್ರಮ್ ತುಂಬಿಯೇ ಇರಲ್ಲ, ಒಂದಿಷ್ಟು ತುಳಸಿಗೆ, ಅಂಗಳಕ್ಕೆ ಹಾಕ್ತೀವಿ. ಅರ್ಧ ಕಳೆಯಿರಿ. ಆದರೂ ಮೂರು ಟ್ಯಾಂಕರ್. ಮೇ ತಿಂಗಳಲ್ಲಿ ನಾವು ದುಡ್ಡು ಕೊಟ್ಟು ತರಿಸೋದು ಎರಡು.

ಇಷ್ಟು ಓದಿ "ಟೀಚರ್ ಆಗಿ ನಿಮಗೆ ಬುದ್ಧಿ ಬೇಡ್ವಾ" ಅಂತ ಕೆಳಗೆ ಬರೆಯೋರಿಗೆ ಒಂದು ಮಾತು. ಚೆಲ್ಲದೇ ಇಟ್ಟರೂ ತಪ್ಪೇ. ಡೆಂಗ್ಯೂ ತರುವ ಈಡಿಸ್ ಸೊಳ್ಳೆಗೆ ಇಂಥ ಸ್ವಚ್ಛ ನಿಂತ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರೋಕೆ ಎಂಟು-ಹತ್ತು ದಿನ ಸಾಕು. ಆಶಾ ಕಾರ್ಯಕರ್ತೆ ಬಂದು ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡ್ತಾರೆ. "ವಾರಕ್ಕೊಮ್ಮೆ ಖಾಲಿ ಮಾಡಿ, ತಿಕ್ಕಿ, ಒಣಗಿಸ್ರಿ ಅಕ್ಕಾರ" ಅಂತಾರೆ. ಅವರು ಹೇಳೋದು ಸರಿಯೇ ಇದೆ. ಕೂಡಿಡು ಅಂತ ನಳ ಹೇಳುತ್ತೆ, ಚೆಲ್ಲು ಅಂತ ಸೊಳ್ಳೆ ಹೇಳುತ್ತೆ. ನಡುವೆ ನಾನು, ಕೈಯಲ್ಲಿ ಕೊಡ.

ನಮ್ಮ ದೊಡ್ಡಮ್ಮನ ಮಗಳ ಮನೆ ಇದೇ ಕಲಬುರಗಿಯಲ್ಲಿ ಬೇರೆ ವಾರ್ಡಿನಲ್ಲಿದೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಪ್ರಯೋಗ ಅಂತ ದಿನದ 24 ಗಂಟೆ ನೀರು ಕೊಟ್ಟರಲ್ಲ, 2008ರ ಸುಮಾರಿಗೆ, ಆ ಪೈಕಿ ಅವರದೂ ಒಂದು. ನಳಕ್ಕೆ ಮೀಟರ್ ಇದೆ. ಆಗ ನಾವೆಲ್ಲ ಆಡಿಕೊಂಡಿದ್ದೆವು, ಹಗಲೂ ರಾತ್ರಿ ನೀರು ಬಿಟ್ಟರೆ ಜನ ಹೊಳೆ ಹರಿಸ್ತಾರೆ ಅಂತ. ಈಗ ಅವಳ ಮನೆಗೆ ಹೋದರೆ ಒಂದೂ ಡ್ರಮ್ ಇಲ್ಲ. ಮೆಟ್ಟಿಲ ಕೆಳಗೆ ನಮ್ಮ ಮನೆಯಲ್ಲಿ ಡ್ರಮ್ ಕೂತಿರುವ ಜಾಗದಲ್ಲಿ ಅವಳ ಮಗಳ ಸೈಕಲ್ ನಿಂತಿದೆ. ಬೇಕಾದಾಗ ನಳ ತಿರುವಿ, ಬೇಕಾದಷ್ಟು ಹಿಡಿದು, ಬಂದ್ ಮಾಡ್ತಾಳೆ. ಅವಳು ನನಗಿಂತ ಜಾಣೆ ಅಂತೇನಲ್ಲ (ಇದನ್ನ ಅವಳೂ ಓದ್ತಾಳೆ, ಇರಲಿ). ನಾಳೆನೂ ನೀರು ಬರುತ್ತೆ ಅನ್ನೋದು ಅವಳಿಗೆ ಗೊತ್ತು. ಅಷ್ಟೇ ವ್ಯತ್ಯಾಸ.

ನೀರಿಗಿಂತ ಹೆಚ್ಚು ಪೋಲಾಗೋದು ಹೊತ್ತು. ನೀರು ಬರೋ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು, ಆ ಒಬ್ಬರು ಯಾವಾಗಲೂ ಹೆಂಗಸೇ. ಇವತ್ತು ಬರುತ್ತೆ ಅಂದರೆ ಬೆಳಿಗ್ಗೆ ಆರಕ್ಕೂ ಬರಬಹುದು, ರಾತ್ರಿ ಎರಡಕ್ಕೂ ಬರಬಹುದು. ಕಾಕು ಈ ಕಾರಣಕ್ಕೇ ಸ್ವಂತ ತಮ್ಮನ ಮಗನ ಸೀಮಂತದ ಊಟ ತಪ್ಪಿಸಿಕೊಂಡರು. ಅಯ್ಯೋ, ಸೊಸೆಯ ಸೀಮಂತ! ಅರ್ಧರಾತ್ರಿ ನೀರು ಹಿಡಿದವಳು ಬೆಳಿಗ್ಗೆ ಬರೆದರೆ ಹೀಗೇ.

ಈ "ಇರ್ಲಿ, ಬೇಕಾಗ್ತದ" ಅನ್ನೋ ರೋಗ ಡ್ರಮ್ಮಿಗೇ ನಿಂತಿಲ್ಲ. ನಮ್ಮ ಮನೆಯಲ್ಲಿ ಒಂದು ಕೋಣೆಯಿದೆ, ಹತ್ತು ಬೈ ಹತ್ತು. ಕಟ್ಟಿಸುವಾಗ ಮಗಳ ಓದಿಗೆ ಅಂತ ಕಟ್ಟಿಸಿದ್ದು. ಮಗಳು ಪಿಯುಸಿ ಪೂರ್ತಿ ಡೈನಿಂಗ್ ಟೇಬಲ್ ಮೇಲೆ ಕೂತು ಓದಿದಳು, ಕುಕ್ಕರ್ ಸೀಟಿ ಕೇಳುತ್ತಾ. ಯಾಕಂದರೆ ಆ ಕೋಣೆಯಲ್ಲಿ ಸಾಮಾನು ವಾಸವಾಗಿದೆ. ಅತ್ತೆಯ ಮದುವೆಯ ಹಿತ್ತಾಳೆ ಹಂಡೆ, ನನ್ನ ಮದುವೆಯ ಸ್ಟೀಲ್ ಭಾಂಡೆ, ಕೆಟ್ಟ ಕೂಲರ್ ಎರಡು, ಟಿವಿ ಬಂದ ಡಬ್ಬ, ಟಿವಿ ಹೋಗಿ ಐದು ವರ್ಷವಾಯಿತು. ಮತ್ತೆ ಒಂದು ಟಿಜೋರಿ ತುಂಬ ಆಹೇರದ ಬಟ್ಟೆ, ಅಂದರೆ ಸಮಾರಂಭಗಳಲ್ಲಿ ಉಡುಗೊರೆ ಅಂತ ಕೊಡೋ ಬಟ್ಟೆ.

ಆಹೇರದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಮದುವೆ, ಮನೆ ಶಾಂತಿ (ಗೃಹಪ್ರವೇಶ), ತೊಟ್ಟಿಲು, ಏನಿದ್ದರೂ ಹೆಂಗಸರಿಗೆ ಜಂಪರ್ ಪೀಸ್, ಗಂಡಸರಿಗೆ ಟವೆಲ್-ಟೋಪಿ. ಕೊಡೋರಿಗೂ ಗೊತ್ತು ಅದನ್ನ ಯಾರೂ ಹೊಲಿಸಲ್ಲ ಅಂತ. ತಗೊಳ್ಳೋರಿಗೂ ಗೊತ್ತು. ಅದು ಬಟ್ಟೆಯೇ ಅಲ್ಲ, ನೋಟು ಇದ್ದ ಹಾಗೆ, ಚಲಾವಣೆಯಲ್ಲಿ ಇರಬೇಕು. 2016ರಲ್ಲಿ ನಮ್ಮ ಮನೆ ಶಾಂತಿಗೆ ಒಂದು ನೀಲಿ ಜಂಪರ್ ಪೀಸ್ ಬಂದಿತ್ತು, ಮೂಲೆಯಲ್ಲಿ ಅರಿಶಿನದ ಕಲೆ. ಕಲೆಯಿದೆ ಅಂತಲೇ ದೂರದ ಸಂಬಂಧಿಕರಿಗೆ ದಾಟಿಸಿದ್ದೆ. ಕಳೆದ ವರ್ಷ ಶಹಾಬಾದಿನ ಒಂದು ಮದುವೆಯಲ್ಲಿ ಯಾರೋ ನನಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಒಂದು ನೀಲಿ ಪೀಸ್ ಇಟ್ಟರು. ಮೂಲೆ ನೋಡಿದೆ. ಅದೇ ಕಲೆ. ನಗು ತಡೀಲಿಕ್ಕೆ ಆಗದೆ ಕೈ ತೊಳೆಯೋ ನೆಪ ಮಾಡಿ ಎದ್ದು ಹೋದೆ. ಎಷ್ಟು ಮನೆಯ ಟಿಜೋರಿಯಲ್ಲಿ ಎಷ್ಟು ವರ್ಷ ಜಾಗ ತಿಂದು ಬಂದಿತ್ತೋ ಅದು. ಈ ಸಲ ಹೊಲಿಸಿದೆ. ಸ್ವಲ್ಪ ಬಿಗಿ.

ಗಂಡಸರು ನಗಬೇಡಿ, ನಿಮ್ಮದು ಶಾಲು. ನಮ್ಮ ಯಜಮಾನರು ಸಣ್ಣಪುಟ್ಟ ಸಂಘ-ಸಂಸ್ಥೆಗಳಲ್ಲಿ ಓಡಾಡೋ ಮನುಷ್ಯ. ಮನೆಯಲ್ಲಿ 19 ಶಾಲು ಇವೆ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಿನಲ್ಲಿ! ಹೋದ ತಿಂಗಳು ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಕಾರ್ಡಿನಲ್ಲಿ ಹತ್ತೂವರೆ. ಶುರುವಾದದ್ದು ಹನ್ನೆರಡು ಹತ್ತಕ್ಕೆ. ವೇದಿಕೆ ಮೇಲೆ ಹದಿನಾರು ಕುರ್ಚಿ. ಒಬ್ಬೊಬ್ಬರಿಗೂ ಹಾರ, ಶಾಲು, ನೆನಪಿನ ಕಾಣಿಕೆ, ಫೋಟೋ. ಆಮೇಲೆ "ಸತ್ಕಾರ ಮಾಡಿದವರಿಗೂ ಸತ್ಕಾರ". ಬೀದರಿನಿಂದ ಬಂದಿದ್ದ ಮುಖ್ಯ ಉಪನ್ಯಾಸಕರು ಹಾಳೆ ಬಿಚ್ಚಿ ಮೈಕ್ ಮುಂದೆ ನಿಂತಾಗ ಒಂದೂ ಮುಕ್ಕಾಲು. ಹಿಂದಿನಿಂದ ಒಬ್ಬರು ಬಂದು ಕಿವಿಯಲ್ಲಿ, ಆದರೆ ಮೈಕಿಗೆ ಕೇಳೋ ಹಾಗೆ, "ಸರ್, ಹತ್ತ್ ನಿಮಿಷದಾಗ ಮುಗಸ್ರಿ, ಊಟ ಆರಲತ್ತದ" ಅಂದರು. ಅವರು ವಿಷಯ ತಯಾರಿ ಮಾಡಲು ಎಷ್ಟು ರಾತ್ರಿ ಕೂತಿದ್ದರೋ. ಮುನ್ನೂರು ಜನ ಒಂದು ಗಂಟೆ ನಲವತ್ತು ನಿಮಿಷ ಸುಮ್ನೆ ಕೂತರೆ ಐನೂರು ಗಂಟೆ. ಈ ಲೆಕ್ಕ ಹಾಕಿ ತೋರಿಸಿದ್ದಕ್ಕೆ ಯಜಮಾನರು ದಾರಿಯಲ್ಲಿ ಮಾತಾಡಲಿಲ್ಲ.

ಹೊತ್ತಿನ ವಿಷಯದಲ್ಲಿ ನಮ್ಮಲ್ಲಿ ನಡೆಯೋ ಒಂದೇ ಒಳ್ಳೆಯ ವ್ಯವಸ್ಥೆ ಬಿಸಿಲಿನ ಕೃಪೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ. ನನ್ನ ಅನುಭವದಲ್ಲಿ ಆಗಲೇ ಕೆಲಸ ಬೇಗ ಆಗೋದು. ಒಂದೂವರೆಗೆ ಮನೆಗೆ ಹೋಗಬೇಕು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಜೂನ್ ಬಂತೋ, "ಊಟ ಆದಮ್ಯಾಲ ಬರ್ರಿ" ಶುರು.

ಮಿತವಾಗಿ ಬದುಕೋದನ್ನ ನಮಗೆ ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ಬಸವಕಲ್ಯಾಣ ನಮ್ಮಿಂದ ಎರಡು ತಾಸಿನ ದಾರಿ. ಆಯ್ದಕ್ಕಿ ಲಕ್ಕಮ್ಮನ ಕಥೆ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೀನೋ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರೋದು, ಅದರಲ್ಲೇ ಇವರ ದಾಸೋಹ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ, ಹೆಚ್ಚಿನದನ್ನ ವಾಪಸ್ ಹೋಗಿ ಅಲ್ಲೇ ಹಾಕಿ ಬಾ ಅಂದಳು. ಈ ಕಥೆಯನ್ನ ನಾವು ಕಾಳು ಹಾಳು ಮಾಡಬಾರದು ಅನ್ನೋಕೆ ಬಳಸ್ತೀವಿ. ನನಗೆ ಈಗೀಗ ಬೇರೆ ಥರ ಕಾಣುತ್ತೆ. ಆಕೆ ಹೆದರಿದ್ದು ಚೆಲ್ಲಿದ ಅಕ್ಕಿಗಲ್ಲ, ಮನೆಗೆ ಬಂದ ಹೆಚ್ಚಿನ ಅಕ್ಕಿಗೆ. ನಾಳೆಗೆ ಇರ್ಲಿ ಅನ್ನೋ ಮಾತು ಆ ಮನೆಗೆ ಕಾಲಿಡಬಾರದು ಅಂತ. ಹೋದ ವರ್ಷ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ಕೇಳಿದಳು, "ಮಿಸ್, ದಿನಾ ಅಷ್ಟ್ ಅಕ್ಕಿ ಚೆಲ್ಲೋರು ಯಾರಿದ್ರಿ?" ಏನೂ ಹೊಳೀಲಿಲ್ಲ. ಗಂಟೆ ಹೊಡೀತು, ಬಚಾವಾದೆ.

ಇನ್ನು ನನ್ನದೇ ದೊಡ್ಡ ತಪ್ಪು. 2009ರಲ್ಲಿ ಊರ ಹೊರಗೆ ಒಂದು ಪ್ಲಾಟ್ ತಗೊಂಡೆವು, ಮೂವತ್ತು-ನಲವತ್ತು. ಕಟ್ಟೋ ಯೋಚನೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇರ್ಲಿ, ಮಕ್ಕಳಿಗೆ ಬೇಕಾಗ್ತದ. ನಾವು ತಗೊಳ್ಳೋ ಮುಂಚೆ ಅದು ತೊಗರಿ ಹೊಲ. ಒಳ್ಳೇ ಕಪ್ಪು ಎರೆ ಭೂಮಿ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂತು ಅಂತ ನಾನೂ ಹೆಮ್ಮೆಯಿಂದ ಸ್ಟೇಟಸ್ ಹಾಕಿದ್ದೆ. ಆ ದಿನವೂ ನಮ್ಮ ಪ್ಲಾಟಿನಲ್ಲಿ ಬೆಳೆದಿದ್ದು ಜಾಲಿ. ಅಕ್ಕಪಕ್ಕ ನೋಡಿದರೂ ಅದೇ, ಕಲ್ಲು ನೆಟ್ಟು ಗೆರೆ ಎಳೆದಿಟ್ಟ ನೂರಾರು ಪ್ಲಾಟು, ನಡುವೆ ನಾಲ್ಕು ಮನೆ, ಉಳಿದಿದ್ದು ಜಾಲಿ, ಹಂದಿ, ಪ್ಲಾಸ್ಟಿಕ್ ಚೀಲ. ಆ ನಾಲ್ಕು ಮನೆಗೆ ಇಡೀ ಲೇಔಟ್ ದಾಟಿ ಕರೆಂಟಿನ ಕಂಬ ಎಳೆಯಬೇಕು, ಪೈಪು ಹಾಕಬೇಕು. ನೀರು ಯಾಕೆ ಐದು ದಿನಕ್ಕೊಮ್ಮೆ ಬರುತ್ತೆ ಅಂತ ಬೈಯುವಾಗ ನನ್ನ ಪ್ಲಾಟ್ ನನಗೆ ನೆನಪಾಗಿರಲಿಲ್ಲ, ನೋಡಿ.

ಹೋದ ಭಾನುವಾರ ಜಾಲಿ ಕಡಿಸೋಕೆ ಹೋಗಿದ್ದೆವು. ಮೊದಲು ಆ ಹೊಲ ಇದ್ದವರ ಮಗ ಈಗ ಅಲ್ಲೇ ರೋಡಿನಲ್ಲಿ ಚಹಾದ ಅಂಗಡಿ ಇಟ್ಟಿದ್ದಾನೆ. ಚಹಾ ಕುಡಿಯುತ್ತಾ ಕೇಳಿದೆ, "ಹೆಂಗೂ ಖಾಲಿ ಬಿದ್ದದ ತಮ್ಮಾ. ಈ ಮುಂಗಾರಿಗೆ ನೀನೇ ಒಂದಿಷ್ಟು ತೊಗರಿ ಬಿತ್ತು. ನಮಗೇನೂ ಕೊಡಬ್ಯಾಡ."

ಅವನು ಕಪ್ ತೊಳೆಯುತ್ತಿದ್ದವನು ತಲೆ ಎತ್ತಿ ಪ್ಲಾಟ್ ಕಡೆ ನೋಡಿದ. ನಾಲ್ಕು ಮೂಲೆಯ ನಾಲ್ಕು ಕಲ್ಲು ನೋಡಿದ. ನಕ್ಕ.

"ಅಕ್ಕಾರ, ಇಷ್ಟರಾಗ ಎತ್ತ್ ಹೊಳ್ಳಲ್ರಿ."