ಪರದೆಯ ಬಣ್ಣವೇ ಬೇರೆ, ಮುದ್ರಣದ ಬಣ್ಣವೇ ಬೇರೆ

ಕರಾವಳಿಯ ಯುವ ಕಲಾವಿದರು ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ನಗೆಚಿತ್ರಗಳನ್ನು ಟೀ-ಶರ್ಟು, ಮಗ್ ಮತ್ತು ಸ್ಟಿಕ್ಕರುಗಳ ಮೇಲೆ ಮುದ್ರಿಸಿ ಮಾರುತ್ತಿರುವ ಕುರಿತ ಲೇಖನವೊಂದನ್ನು ಸಂತೋಷದಿಂದ ಓದಿದೆ. ಆದರೆ ಒಮ್ಮೆ ಬಿಡಿಸಿದ ಚಿತ್ರವನ್ನು ಯಾವ ವಸ್ತುವಿನ ಮೇಲಾದರೂ ಹಾಗೆಯೇ ಅಚ್ಚು ಹಾಕಿಸಬಹುದು ಎಂಬ ಅದರ ಮಾತನ್ನು ಒಪ್ಪಲಾರೆ. ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣ ಕಟ್ಟುತ್ತದೆ. ಮುದ್ರಣಕ್ಕೆ ಸಾಮಾನ್ಯವಾಗಿ ಸಯಾನ್ (ಹಸಿರು ಛಾಯೆಯ ನೀಲಿ), ಮಜೆಂಟಾ (ನೇರಳೆ ಛಾಯೆಯ ಕೆಂಪು), ಹಳದಿ, ಕಪ್ಪು ಶಾಯಿಗಳು ಬೇಕು. ಬೆಳಕಿನ ಹೊಳಪು ಶಾಯಿಗೆ ಬಾರದು; ಆದ್ದರಿಂದಲೇ ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಗದ್ದೆಯ ಹೊಳೆಯುವ ಹಸಿರು ಕಾಗದಕ್ಕಿಳಿದಾಗ ಮಂಕಾಗುತ್ತದೆ. ಮಗ್‌ಗಳಿಗೆ ಬಳಸುವ ಸಬ್ಲಿಮೇಶನ್ ವಿಧಾನದಲ್ಲಿ ಶಾಯಿಯು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರ್ ಲೇಪದೊಳಗೆ ಸೇರುವುದರಿಂದ, ಅದು ಶುದ್ಧ ಹತ್ತಿಯ ಅಂಗಿಗೆ ಹಿಡಿಯುವುದಿಲ್ಲ. ಅಲ್ಲಿ ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಮೇಲು.

ಇದಕ್ಕಿಂತಲೂ ಮುಖ್ಯವಾದದ್ದು ನಮ್ಮ ಲಿಪಿ. ತುಳು ಸಂಭಾಷಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದು ನಾನು ಉಡುಪಿಯಲ್ಲಿ ಮಾಡಿಸಿದ ಮೊದಲ ಸ್ಟಿಕ್ಕರುಗಳಲ್ಲಿ ಒತ್ತಕ್ಷರಗಳೆಲ್ಲ ಶಾಯಿ ತುಂಬಿ ಮುಚ್ಚಿಹೋಗಿದ್ದವು. ನಗೆಯ ಕೀಲು ಒಂದೇ ಪದದಲ್ಲಿದ್ದಾಗ ಆ ಪದವೇ ಓದಲು ಸಿಗದಿದ್ದರೆ ಚಿತ್ರ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಅಂದಿನಿಂದ ಇಂಚಿಗೆ 300 ಪಿಕ್ಸೆಲ್‌ಗಳಲ್ಲಿ ಚಿತ್ರ ಬಿಡಿಸಿ, ಒತ್ತುಗಳ ನಡುವೆ ಜಾಗ ಬಿಟ್ಟು, ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ನೋಡಿದ ಬಳಿಕವೇ ಫೈಲನ್ನು ಅಚ್ಚಿಗೆ ಕಳುಹಿಸುತ್ತೇನೆ.