ಧಾರವಾಡವೋ ಮೈಸೂರೋ? ನನ್ನ ಓಟು ದೂರದ ಊರಿಗೆ

ಅಕ್ಕನ ಮಗಳಿಗೆ ಎರಡು ಕಡೆ ಎಂ.ಎ. ಸೀಟು ಸಿಕ್ಕಿದೆ. ಒಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಮೈಸೂರು ವಿವಿಯ ಕ್ಯಾಂಪಸ್ಸು ಮಾನಸಗಂಗೋತ್ರಿಯಲ್ಲಿ. ವಿಷಯ ಇತಿಹಾಸ. ಅದರಲ್ಲೂ ಅವಳಿಗೆ ಶಾಸನದ ಹುಚ್ಚು. ಲಕ್ಷ್ಮೇಶ್ವರದ ಹುಡುಗಿ, ಹುಚ್ಚು ಹಿಡಿಯದೇ ಇದ್ದರೇ ಆಶ್ಚರ್ಯ. ಹಳೆಯ ಪುಲಿಗೆರೆ ಅದು. ಸೋಮೇಶ್ವರ ಗುಡಿಯ ಅಂಗಳದಲ್ಲಿ ಆಡಿ ಬೆಳೆದವಳು.

ಮನೆಯಲ್ಲಿ ಸದ್ಯ ಇದೊಂದೇ ಮಾತು. ಅಕ್ಕ ಧಾರವಾಡದ ಪರ. "ಎರಡು ತಾಸಿನ ಹಾದಿ. ಶನಿವಾರ ಬಂದು ರೊಟ್ಟಿ ಕಟಗೊಂಡು ಹೋಗ್ತಾಳ" ಅನ್ನುವುದು ಅವಳ ವಾದ. ಭಾವನದೂ ಧಾರವಾಡವೇ, ಆದರೆ ಕಾರಣ ಬೇರೆ. ಅವರ ಕಣ್ಣು ಸಪ್ತಾಪುರದ ಕೋಚಿಂಗ್ ಸೆಂಟರುಗಳ ಮೇಲಿದೆ. ಎಂ.ಎ. ಹೆಸರಿಗೆ ನಡೆಯುತ್ತಿರಲಿ, ಜೊತೆಗೆ ಕೆಎಎಸ್ ಓದಿಕೊಳ್ಳಲಿ ಎಂದು. ಪಕ್ಕದ ಮನೆಯ ರಿಟೈರ್ಡ್ ಮಾಸ್ತರರು ಮಾತ್ರ "ಮಹಾರಾಜರು ಕಟ್ಟಿದ ಯೂನಿವರ್ಸಿಟಿ ಐತಿ, ಬಿಡಬ್ಯಾಡ್ರಿ" ಎಂದು ದಿನಾ ಬಂದು ಹೇಳಿ ಹೋಗುತ್ತಾರೆ. ಚಹಾ ಕುಡಿದೇ ಹೋಗುತ್ತಾರೆ, ಅದು ಬೇರೆ ಮಾತು.

ನಾನು ಗದಗ ಜಿಲ್ಲೆಯಲ್ಲಿ ಡಿಗ್ರಿ ಮುಗಿಸಿ ಎಂ.ಎ.ಗೆ ಮೈಸೂರಿಗೆ ಹೋದವನು. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರು. ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ, ಇದೇ ಪೇಚಿನಲ್ಲಿ ಇರುವ ಬೇರೆ ಮನೆಗಳೂ ಇರುತ್ತವಲ್ಲ.

ಮೊದಲು ಈ 'ಹೆಸರು' ಅನ್ನುವ ವಿಷಯ. ಮೈಸೂರು ವಿವಿ 1916ರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಶುರುವಾದ ಮೊದಲ ಭಾರತೀಯ ವಿವಿ. ಧಾರವಾಡದ್ದು ಹುಟ್ಟಿದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಅಲ್ಲಿಯವರೆಗೆ ನಮ್ಮ ಕಡೆಯ ಹುಡುಗರು ಓದಿದರೂ ಡಿಗ್ರಿ ಕಾಗದ ಬರುತ್ತಿದ್ದದ್ದು ಮುಂಬೈ ವಿವಿಯಿಂದ. ಮೈಸೂರಿನವರಿಗೆ ವಿವಿ ಅರಮನೆ ಕೊಟ್ಟ ವರ. ನಮ್ಮವರಿಗೆ ಅದು ಹೋರಾಡಿ ಪಡೆದ ಹಕ್ಕು. ಆ ಜಿದ್ದು ಇವತ್ತಿಗೂ ಹೋಗಿಲ್ಲ. ಅಲ್ಲಿಯವರು ಕುವೆಂಪು ಕುಲಪತಿಯಾಗಿದ್ದ ಜಾಗ ಅಂದರೆ, ಇಲ್ಲಿಯವರು ನಮ್ಮ ಕುಲಪತಿ ಪಾವಟೆಯವರು 1954ರಿಂದ 67ರವರೆಗೆ ಗುಡ್ಡದ ಮೇಲೆ ಕಟ್ಟಿದ ಕ್ಯಾಂಪಸ್ ನೋಡು ಅನ್ನುತ್ತಾರೆ.

ಶಾಸನದ ವಿಷಯಕ್ಕೇ ಬಂದರೂ ಎರಡೂ ಕಡೆ ದೊಡ್ಡವರಿದ್ದರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಮೈಸೂರಿನ ಪ್ರೊಫೆಸರು. ಧಾರವಾಡದಲ್ಲಿ ಶ್ರೀನಿವಾಸ ರಿತ್ತಿ, ಅ. ಸುಂದರ, ಕನ್ನಡ ವಿಭಾಗದಲ್ಲಿ ಎಂ.ಎಂ. ಕಲಬುರ್ಗಿ. ಒಬ್ಬೊಬ್ಬರದೂ ಒಂದೊಂದು ಆಯುಷ್ಯದ ಕೆಲಸ.

ಆದರೆ ಇವರಲ್ಲಿ ಯಾರೂ ನಾಳೆ ಬೆಳಗ್ಗೆ ಹತ್ತಕ್ಕೆ ಕ್ಲಾಸಿಗೆ ಬರುವುದಿಲ್ಲ. ಸೀಟು ಆರಿಸುವಾಗ ನಾವು ಮರೆಯುವುದು ಇದನ್ನೇ. ಗೋಡೆಯ ಮೇಲಿನ ಫೋಟೋ ನೋಡಿ ಸೇರುತ್ತೇವೆ, ಪಾಠ ಮಾಡುವವರ ಹೆಸರು ಕೇಳುವುದೇ ಇಲ್ಲ. ರಾಜ್ಯದ ಹಳೆಯ ವಿವಿಗಳ ಸ್ಥಿತಿ ಪೇಪರ್ ಓದುವವರಿಗೆಲ್ಲ ಗೊತ್ತು. ರಿಟೈರ್ ಆದವರ ಜಾಗ ಖಾಲಿ ಬಿದ್ದಿದೆ, ಅತಿಥಿ ಉಪನ್ಯಾಸಕರ ಮೇಲೆ ವಿಭಾಗ ನಿಂತಿದೆ, ಪಿಂಚಣಿಗೆ ದುಡ್ಡು ಹೊಂದಿಸುವುದೇ ದೊಡ್ಡ ಪಾಡಾಗಿದೆ. ಇದರಲ್ಲಿ ಮೈಸೂರು, ಧಾರವಾಡ ಅಂತ ಭೇದ ಇಲ್ಲ. ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ಆದರೆ ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ನಿಮ್ಮ ಮಗಳ ಪಿಎಚ್‌ಡಿಗೆ ಏನು ದಾರಿ ತೋರಿಸಬೇಕು, ಹೇಳಿ.

ಇನ್ನು ನೌಕರಿ. ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ ನೆಟ್, ಕೆಸೆಟ್ ಬರೆಯಲು ಎಂ.ಎ.ಯಲ್ಲಿ ಶೇ. 55 ಬೇಕು, ಮೀಸಲಾತಿ ಇರುವವರಿಗೆ 50. ಯಾವ ವಿವಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೆಪಿಎಸ್‌ಸಿಯವರೂ ಕೇಳುವುದಿಲ್ಲ. ಹಾಗಾಗಿ 'ಯಾವುದಕ್ಕೆ ವ್ಯಾಲ್ಯೂ ಜಾಸ್ತಿ' ಎಂಬ ಪ್ರಶ್ನೆಗೆ ನನ್ನ ಬಳಿ ಇರುವುದು ನಗು ಮಾತ್ರ.

ಭಾವನ ಕೋಚಿಂಗ್ ಲೆಕ್ಕವೂ ನನಗೆ ಸೇರುವುದಿಲ್ಲ. ಎಂ.ಎ. ಸೀಟು ಅಂದರೆ ಹಾಸ್ಟೆಲ್ ಕಾಟು, ಲೈಬ್ರರಿ ಕಾರ್ಡು, ಪರೀಕ್ಷೆ ತಯಾರಿಗೆ ಎರಡು ವರ್ಷದ ಟೈಮು. ಎರಡೂ ಊರಲ್ಲಿ ಹೀಗೆ ಓದುವವರಿದ್ದಾರೆ. ಬಡವರ ಮನೆಯ ಹುಡುಗರು ಹಾಗೆ ಮಾಡಿದರೆ ನಾನು ತಪ್ಪು ಹುಡುಕುವುದಿಲ್ಲ, ಅವರಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ಈ ಹುಡುಗಿಗೆ ಬೇಕಾಗಿರುವುದು ಕಲ್ಲು. ಅದನ್ನು ಬಿಡಿಸಿ ಕೆಎಎಸ್ ಪುಸ್ತಕ ಕೈಗೆ ಕೊಟ್ಟರೆ ಎರಡೂ ಆಗುವುದಿಲ್ಲ.

ಕಲ್ಲು ಅಂದೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಮೊದಲು ಕಲ್ಲನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಪಾಚಿ, ಕುಂಕುಮ, ಎಣ್ಣೆಯ ಜಿಡ್ಡು ಎಲ್ಲ ಹೋಗಬೇಕು. ನೀರಲ್ಲಿ ಅದ್ದಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ಬಡಿಯುತ್ತಾ ಹೋಗಬೇಕು, ಕಾಗದ ಅಕ್ಷರದ ಗುಂಡಿಯೊಳಗೆ ಇಳಿಯುವ ತನಕ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಅಕ್ಷರ ಏಳುವುದಿಲ್ಲ. ಆಮೇಲೆ ಶಾಯಿ ಹಚ್ಚಿದ ಬಟ್ಟೆಯ ಗುಂಡಿನಿಂದ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತವೆ. ಗಾಳಿ ಬಂದರೆ ಕಾಗದ ಹಾರುತ್ತದೆ, ಬಿಸಿಲು ಜಾಸ್ತಿ ಆದರೆ ಬೇಗ ಒಣಗುತ್ತದೆ. ಇದನ್ನು ಪಿಪಿಟಿಯಲ್ಲಿ ಕಲಿಸಲು ಬರುವುದಿಲ್ಲ. ಯಾವ ವಿಭಾಗ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ಕೈಗೆ ಬ್ರಷ್ ಕೊಡುತ್ತದೋ ಅದು ಒಳ್ಳೆಯ ವಿಭಾಗ. ನಾನು ಕೇಳುವ ಮೊದಲ ಪ್ರಶ್ನೆ ಇದು.

ಎರಡೂ ಕಡೆ ಉತ್ತರ ಹೆಚ್ಚು ಕಡಿಮೆ ಒಂದೇ ಆಗಿದ್ದರೆ? ಆಗ ದೂರದ್ದಕ್ಕೆ ಹೋಗು ಅನ್ನುತ್ತೇನೆ. ಧಾರವಾಡದ ಸೀಮೆಯವರು ಮೈಸೂರಿಗೆ, ಮೈಸೂರು ಸೀಮೆಯವರು ಧಾರವಾಡಕ್ಕೆ.

ಲಕ್ಷ್ಮೇಶ್ವರದವಳಿಗೆ ಚಾಲುಕ್ಯರು ಮನೆ ಬಾಗಿಲಲ್ಲೇ ಇದ್ದಾರೆ. ಲಕ್ಕುಂಡಿ, ಬಾದಾಮಿ, ಐಹೊಳೆ ಎಲ್ಲ ರಜೆಗೆ ಬಂದಾಗಲೂ ನೋಡಬಹುದು. ಮೈಸೂರಲ್ಲಿದ್ದರೆ ತಲಕಾಡಿನ ಗಂಗರು ಸಿಗುತ್ತಾರೆ, ಸೋಮನಾಥಪುರ ಸಿಗುತ್ತದೆ, ಶ್ರವಣಬೆಳಗೊಳಕ್ಕೆ ಬೆಳಗ್ಗೆ ಹೋಗಿ ಸಂಜೆಗೆ ಬರಬಹುದು. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದೇ ಮೈಸೂರಲ್ಲಿ. ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ 1891ರದ್ದು, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ. ಹುಡುಗಿಗೂ ಇದೆಲ್ಲ ಗೊತ್ತಿದೆ. "ಮಾಮಾ, ಎಪಿಗ್ರಫಿ ಆಫೀಸು ಅಲ್ಲೇ ಐತಲ್ಲ" ಎಂದು ನನಗೇ ಪಾಠ ಹೇಳಿದಳು.

ಮಂಡ್ಯದವರ ಮಗಳೋ ಚಾಮರಾಜನಗರದವರ ಮಗನೋ ಕೇಳಿದರೆ ಕಣ್ಣು ಮುಚ್ಚಿ ಧಾರವಾಡ ಅನ್ನುತ್ತಿದ್ದೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಆ ಕ್ಯಾಂಪಸ್ಸಿನಲ್ಲಿದೆ, ಮ್ಯೂಸಿಯಂ ಸಮೇತ. ಹಲಸಿ, ಬನವಾಸಿ, ಬಾದಾಮಿ ಎಲ್ಲ ಒಂದು ದಿನದ ಬಸ್ ದಾರಿ. ಆದರೆ ಆ ಕಡೆಯಿಂದ ಈ ಕಡೆ ಬರುವವರು ಎಷ್ಟು ಮಂದಿ? ನನ್ನ ಮೈಸೂರು ಕ್ಲಾಸಿನಲ್ಲಿ ಹೊಯ್ಸಳರ ವಂಶಾವಳಿ ಬಾಯಿಪಾಠ ಇದ್ದವರು ಲಕ್ಕುಂಡಿ ಎಲ್ಲಿದೆ ಎಂದು ನನ್ನನ್ನು ಕೇಳುತ್ತಿದ್ದರು. ನನಗೆ ತಲಕಾಡು ಅಂದರೆ ಬರೀ ಮರಳು. ಹಾಸ್ಟೆಲ್ ರೂಮಿನಲ್ಲಿ ಜಗಳಾಡುತ್ತಾ ಒಬ್ಬರಿಗೊಬ್ಬರು ಕಲಿಸಿದ್ದು ಸಿಲಬಸ್ಸಿನಲ್ಲಿ ಇರಲಿಲ್ಲ.

ಹಿಂದೆ ಈ ಬೆರಕೆ ತಾನಾಗಿಯೇ ಆಗುತ್ತಿತ್ತು. 1980ರವರೆಗೆ ಧಾರವಾಡ ವಿವಿ ಅಂದರೆ ಬೀದರಿನಿಂದ ಕಾರವಾರದವರೆಗೆ. ಆ ವರ್ಷ ಗುಲ್ಬರ್ಗ ಬೇರೆ ಆಯಿತು, 2010ರಲ್ಲಿ ಬೆಳಗಾವಿ, ಮೊನ್ನೆ ಮೊನ್ನೆ ಹಾವೇರಿ. ಮೈಸೂರಿನಿಂದಲೂ 1964ರಲ್ಲಿ ಬೆಂಗಳೂರು, ಆಮೇಲೆ ಮಂಗಳೂರು, ಈಗ ಹಾಸನ, ಚಾಮರಾಜನಗರ. ಜಿಲ್ಲೆಗೊಂದು ವಿವಿ ಆದರೆ ಹೆಣ್ಣುಮಕ್ಕಳು ಓದುತ್ತಾರೆ ಅನ್ನುವುದು ನಿಜ, ಅದನ್ನು ಹಗುರವಾಗಿ ಹೇಳುವುದಿಲ್ಲ. ಆದರೆ ಹುಟ್ಟಿದ ಜಿಲ್ಲೆಯಲ್ಲೇ ಎಲ್‌ಕೆಜಿಯಿಂದ ಎಂ.ಎ.ವರೆಗೆ ಮುಗಿಸಿದ ಹುಡುಗನಿಗೆ ಕರ್ನಾಟಕ ಅಂದರೆ ಮ್ಯಾಪು ಅಷ್ಟೇ.

ಖರ್ಚಿನ ಮಾತು ಅಕ್ಕ ಎತ್ತೇ ಎತ್ತುತ್ತಾಳೆ. ಮೈಸೂರಲ್ಲಿ ಪಿಜಿ ಬಾಡಿಗೆ ದುಬಾರಿ, ಹೌದು. ಹಾಸ್ಟೆಲ್ ಸಿಕ್ಕರೆ ತೊಂದರೆ ಇಲ್ಲ. ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ಸರ್ಕಾರ ಕೊಡುವ ಹಣ. ಅದರಲ್ಲಿ ಬಾಡಿಗೆ ಊಟ ಎರಡೂ ಆಗುವುದಿಲ್ಲ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಯಾಗಿದೆ. ಊರಿಗೆ ಬರಲು ಹುಬ್ಬಳ್ಳಿಗೆ ರಾತ್ರಿ ರೈಲಿದೆ. ಮುದ್ದೆ ಮೊದಲು ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ಇಳಿಯುತ್ತದೆ.

ಫೀಸ್ ಕಟ್ಟಲು ಇನ್ನೂ ಸ್ವಲ್ಪ ಟೈಮಿದೆ. ಅದಕ್ಕೇ ಒಂದು ಸಹಾಯ ಬೇಕು. ಎರಡೂ ವಿಭಾಗಗಳಲ್ಲಿ ಈಗ ಓದುತ್ತಿರುವವರು, ಹೋದ ವರ್ಷ ಮುಗಿಸಿದವರು ಯಾರಾದರೂ ಈ ಪೋಸ್ಟ್ ನೋಡಿದರೆ ಹೇಳಿ. ಶಾಸನದ ಪೇಪರ್ ಯಾರು ತೆಗೆದುಕೊಳ್ಳುತ್ತಾರೆ, ಕಾಯಂ ಇದ್ದಾರಾ? ಕ್ಷೇತ್ರಕಾರ್ಯ ನಿಜವಾಗಿ ನಡೆಯುತ್ತದಾ, ಇಲ್ಲಾ ಟೂರ್ ಮಾಡಿ ಗ್ರೂಪ್ ಫೋಟೋ ತೆಗೆಸಿಕೊಂಡು ಬರುವುದಾ? ಲೈಬ್ರರಿಯಲ್ಲಿ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಕೈಗೆ ಸಿಗುತ್ತವಾ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರಾ? ಇನ್‌ಬಾಕ್ಸ್ ಬೇಡ, ಕಮೆಂಟಿನಲ್ಲೇ ಬರೆಯಿರಿ. ಅಕ್ಕ, ಭಾವ ಇಬ್ಬರೂ ಓದುತ್ತಾರೆ. ಮಾಸ್ತರರಿಗೆ ನಾನೇ ಓದಿ ಹೇಳುತ್ತೇನೆ.